ಪಟ್ಟಿಯಲ್ಲಿ ಇಲ್ಲದ ಹೆಸರು

ನಮ್ಮ ಊರಿನ ಗ್ರಂಥಾಲಯದಲ್ಲಿ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮುಗಿಸಿದ ಮಕ್ಕಳು ಹಾಗೂ ಅವರ ಅಪ್ಪ-ಅಮ್ಮಂದಿರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಆವತ್ತು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತು ನನಗೆ ಕೊಟ್ಟಿರುವ ವಿಷಯ "ನನ್ನ ಗುರಿ, ನನ್ನ ಗೆಲುವು". ಗುರಿ ಇಟ್ಟುಕೊಳ್ಳುವುದು ಹೇಗೆ ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಿ ಮೇಡಂ ಅಂತ ಕರೆದಿದ್ದಾರೆ. ನಾನು 33 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಪ್ರತಿ ವರ್ಷ ಬೀಳ್ಕೊಡುಗೆಯ ದಿನ "ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು" ಅಂತ ಹೇಳಿಯೇ ಮಕ್ಕಳನ್ನು ಕಳಿಸಿದ್ದೇನೆ. ಆ ಮಾತನ್ನು ಈಗಲೂ ವಾಪಸ್ ತಗೊಳ್ಳುವುದಿಲ್ಲ. ಆದರೆ ಅದರ ಜೊತೆ ಹೇಳಬೇಕಾಗಿದ್ದ ಇನ್ನೊಂದು ಮಾತನ್ನು ಅಷ್ಟೂ ವರ್ಷ ಹೇಳಲಿಲ್ಲ. ಅದನ್ನು ಹೇಳೋಕೆ ಅಂತಲೇ ಇವತ್ತು ಒಪ್ಪಿಕೊಂಡು ಬಂದೆ.

ನಾವು ಸಾಮಾನ್ಯವಾಗಿ ಏನು ಅಂದುಕೊಂಡಿರುತ್ತೇವೆ? ಇಟ್ಟುಕೊಂಡ ಗುರಿ ಮುಟ್ಟಿದರೆ ಗೆದ್ದ ಹಾಗೆ, ಮುಟ್ಟದಿದ್ದರೆ ಸೋತ ಹಾಗೆ. ಬೇರೆಯವರ ಜೊತೆ ಹೋಲಿಸಿಕೊಳ್ಳಬೇಡಿ, ನಿಮ್ಮ ಗುರಿಯ ಜೊತೆ ಮಾತ್ರ ಹೋಲಿಸಿಕೊಳ್ಳಿ, ಗೆಲುವನ್ನು ಅಳೆಯೋಕೆ ಅದೇ ಅತ್ಯುತ್ತಮ ಅಳತೆಗೋಲು ಅಂತ ದೊಡ್ಡವರು ಹೇಳುತ್ತಾರೆ. ಪಕ್ಕದ ಮನೆ ಹುಡುಗನ ಮಾರ್ಕ್ಸ್ ನೋಡಿ ಕೊರಗುವುದಕ್ಕಿಂತ ಇದು ಎಷ್ಟೋ ವಾಸಿ. ನಾನೂ ಬಹಳ ವರ್ಷ ಹೀಗೇ ನಂಬಿದ್ದೆ. ನಂಬಿ, ಒಂದು ಗುರಿ ಇಟ್ಟುಕೊಂಡು, ಅದನ್ನು ಮುಟ್ಟಿಯೂ ಬಿಟ್ಟೆ. ಅಲ್ಲಿಂದಲೇ ಶುರು ಮಾಡುತ್ತೇನೆ.

1990ರ ದಶಕದ ಕೊನೆ. ಮಲೆನಾಡಿನ ಒಂದು ಹೈಸ್ಕೂಲು. ಶಾಲೆಯ ಹೆಸರು ಬೇಡ. ಯಾಕೆಂದರೆ ನಾನು ಹೇಳಹೊರಟಿರುವ ತಪ್ಪು ಶಾಲೆಯದ್ದಲ್ಲ, ನನ್ನದು. ಹತ್ತನೇ ತರಗತಿಗೆ ನಾನೇ ಕ್ಲಾಸ್ ಟೀಚರ್. ಆ ವರ್ಷ ಜೂನ್ ತಿಂಗಳಲ್ಲಿ ಡೈರಿಯ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆದಿಟ್ಟಿದ್ದೆ: "ಈ ಸಲ ಶೇಕಡ 100." ಅದರ ಹಿಂದಿನ ಮೂರು ವರ್ಷ ನಮ್ಮ ಫಲಿತಾಂಶ 90ರ ಆಸುಪಾಸಿನಲ್ಲೇ ನಿಂತಿತ್ತು. ಇಬ್ಬರೋ ಮೂವರೋ ಗಣಿತದಲ್ಲಿ ಹೋಗುತ್ತಿದ್ದರು. ನನ್ನ ವಿಷಯದಲ್ಲೇ ಹೋಗುತ್ತಿದ್ದರು ಅನ್ನುವುದು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಯಾರೂ ನನ್ನ ಮೇಲೆ ಒತ್ತಡ ಹಾಕಿರಲಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಅದು ಪೂರ್ತಿ ನನ್ನ ಸ್ವಂತ ಗುರಿ. ಒಳ್ಳೆಯ ಗುರಿ ಕೂಡ, ಅಲ್ವಾ? ಅದಕ್ಕಾಗಿ ಬೆಳಿಗ್ಗೆ ಎಂಟಕ್ಕೇ ಸ್ಪೆಷಲ್ ಕ್ಲಾಸ್ ತೆಗೆದುಕೊಂಡೆ. ಸಂಜೆ ಕೊನೇ ಬಸ್ಸಿನವರೆಗೂ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಮಾಡಿಸಿದೆ. ಅದೆಲ್ಲ ಸುಳ್ಳಲ್ಲ.

ತರಗತಿಯಲ್ಲಿ 43 ಮಕ್ಕಳು. ಅವರಲ್ಲಿ ಒಬ್ಬ ಹುಡುಗ ನವೆಂಬರಿನಿಂದ ಸರಿಯಾಗಿ ಬರುತ್ತಿರಲಿಲ್ಲ. ಅಡಿಕೆ ಸುಗ್ಗಿ. ಮನೆಯವರೆಲ್ಲ ದೊಡ್ಡ ತೋಟದವರ ಮನೆಗೆ ಅಡಿಕೆ ಸುಲಿಯೋಕೆ ಹೋಗುತ್ತಿದ್ದರು. ಡಬ್ಬಕ್ಕೆ ಇಷ್ಟು ಅಂತ ಕೂಲಿ. ರಾತ್ರಿ ಹನ್ನೊಂದು, ಹನ್ನೆರಡರವರೆಗೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯಬೇಕು. ಬೆಳಿಗ್ಗೆ ಎದ್ದು ಶಾಲೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬಂದ ದಿನ ಹಿಂದಿನ ಬೆಂಚಿನಲ್ಲಿ ಕೂತು, ಕೈಗಳನ್ನು ಡೆಸ್ಕಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಅಡಿಕೆ ಚೊಗರು ಹತ್ತಿ ಬೆರಳೆಲ್ಲ ಕಪ್ಪಾಗಿರುತ್ತಿತ್ತು. ಅದು ಸೋಪಿಗೂ ಹೋಗುವುದಿಲ್ಲ, ಕಲ್ಲಿಗೆ ಉಜ್ಜಿದರೂ ಹೋಗುವುದಿಲ್ಲ. ಮಲೆನಾಡಿನವರಿಗೆ ಗೊತ್ತಿರುತ್ತೆ.

ಪರೀಕ್ಷೆಗೆ ಕೂರಬೇಕಾದರೆ 75 ಪರ್ಸೆಂಟ್ ಹಾಜರಾತಿ ಬೇಕು. ಅವನದ್ದು ಸ್ವಲ್ಪ ಕಡಿಮೆ ಇತ್ತು. ಜಾಸ್ತಿ ಏನಲ್ಲ, ಕೆಲವು ದಿನಗಳ ಮಾತು. ಕಾರಣ ಬರೆದು, ವಿನಾಯಿತಿ ಕೇಳಿ, ಹೆಡ್‌ಮಾಸ್ಟರ ಹತ್ತಿರ ಹೋಗಿ ಕೂತಿದ್ದರೆ ಏನಾದರೂ ದಾರಿ ಸಿಗುತ್ತಿತ್ತು. ಹಿಂದೆ ಬೇರೆ ಮಕ್ಕಳಿಗೆ ನಾನೇ ಹಾಗೆ ಮಾಡಿದ್ದೆ. ಜ್ವರ ಬಂದವರಿಗೆ, ಮನೆಯಲ್ಲಿ ಸಾವಾದವರಿಗೆ. ಈ ಸಲ ಮಾಡಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನಿಗೆ ಗಣಿತದಲ್ಲಿ 19 ಬಂದಿತ್ತು. ಪಟ್ಟಿ ಮುಂದಿಟ್ಟುಕೊಂಡಾಗ ನನ್ನ ಕಣ್ಣಿಗೆ ಬಿದ್ದದ್ದು ಆ 19. ಹಾಜರಾತಿ ಕೊರತೆ ಅಂತ ಬರೆದು ಸಹಿ ಹಾಕಿದೆ. ನಿಯಮ ನನ್ನ ಕಡೆಗಿತ್ತು. ಒಂದು ಅಕ್ಷರವೂ ಸುಳ್ಳು ಬರೆದಿರಲಿಲ್ಲ.

42 ಮಕ್ಕಳು ಪರೀಕ್ಷೆ ಬರೆದರು. 42 ಜನವೂ ಪಾಸು. ಶೇಕಡ 100.

ಆ ವರ್ಷ ಶಿಕ್ಷಕರ ದಿನಾಚರಣೆಯಲ್ಲಿ ಶಾಲು ಹೊದಿಸಿದರು, ಫಲತಾಂಬೂಲ ಕೊಟ್ಟರು. ಸುಗಂಧರಾಜದ ಹಾರ. ಅಮ್ಮ ಮುಂದಿನ ಸಾಲಿನಲ್ಲಿ ಕೂತು ಅಳುತ್ತಿದ್ದಳು. ನಿಜ ಹೇಳಬೇಕು ಅಂದರೆ ಆವತ್ತು ನನಗೆ ಆ ಹುಡುಗ ನೆನಪಾಗಲಿಲ್ಲ. ಗುರಿಯ ಲೆಕ್ಕ ಇರೋದೇ ಹಾಗೆ. ಲೆಕ್ಕದ ಒಳಗೆ ಯಾರಿದ್ದಾರೋ ಅವರಷ್ಟೇ ಕಾಣುತ್ತಾರೆ. 42ಕ್ಕೆ 42 ಅಂದಾಗ 43 ಅನ್ನುವ ಸಂಖ್ಯೆಯೇ ಅಳಿಸಿಹೋಗುತ್ತದೆ. ಗಣಿತದ ಟೀಚರಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಛೇದವನ್ನು ಕಡಿಮೆ ಮಾಡಿದರೆ ಭಿನ್ನರಾಶಿ ದೊಡ್ಡದಾಗುತ್ತದೆ ಅಂತ ಎಂಟನೇ ಕ್ಲಾಸಿನವರಿಗೆ ಹೇಳಿಕೊಡುತ್ತಿದ್ದವಳು ನಾನೇ.

ಹಾಗಾಗಿ ನನ್ನ ಪ್ರಶ್ನೆ "ಗುರಿ ಮುಟ್ಟಿದೆಯಾ" ಅನ್ನುವುದಷ್ಟೇ ಅಲ್ಲ. ಮುಟ್ಟುವಾಗ ಅದರ ಬೆಲೆ ಯಾರು ಕೊಟ್ಟರು? ಯಾರ ಹೆಸರು ಪಟ್ಟಿಯಿಂದ ಹೊರಗೆ ಉಳಿಯಿತು? ಸ್ವಂತ ಗುರಿಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ಈ ಪ್ರಶ್ನೆ ಏಳುವುದೇ ಇಲ್ಲ.

ಈಗ ನನ್ನ ಊರಿನವರೊಬ್ಬರ ವಿಷಯ. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕ್ರಿಕೆಟ್ ಆಟಗಾರ ಜಿ. ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ಹಾಗಾಗಿ ನಮ್ಮ ಬೀದಿಯಲ್ಲಿ ಅವರು ಎಲ್ಲರ ಮನೆ ಹುಡುಗ.

1975ರ ಜನವರಿ. ಮದ್ರಾಸಿನ ಚೆಪಾಕ್ ಮೈದಾನದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್. ನನಗೆ ಆಗ ಹದಿಮೂರು. ಸಂಕ್ರಾಂತಿ ಹತ್ತಿರ ಬಂದಿತ್ತು. ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚುವ ಕೆಲಸ ನನ್ನದು. ಪಕ್ಕದಲ್ಲಿ ರೇಡಿಯೋ. ಆಂಡಿ ರಾಬರ್ಟ್ಸ್ ಬೆಂಕಿಯ ಹಾಗೆ ಬೌಲ್ ಮಾಡುತ್ತಿದ್ದ. ಆ ಇನಿಂಗ್ಸ್‌ನಲ್ಲಿ ಅವನೊಬ್ಬನೇ 7 ವಿಕೆಟ್ ತೆಗೆದ. ಒಂದು ಕಡೆ ವಿಕೆಟ್ ಉದುರುತ್ತಲೇ ಇತ್ತು, ಇನ್ನೊಂದು ಕಡೆ ವಿಶ್ವನಾಥ್ ನಿಂತಿದ್ದರು. ಕೊನೆಗೆ ಬಂದವರು ನಮ್ಮ ಮೈಸೂರಿನ ಚಂದ್ರಶೇಖರ್. ಬೌಲಿಂಗ್‌ನಲ್ಲಿ ಮಾಂತ್ರಿಕ, ಬ್ಯಾಟು ಹಿಡಿದರೆ ದೇವರೇ ಗತಿ. ಅವರು ಔಟಾದಾಗ ಭಾರತ 190ಕ್ಕೆ ಆಲೌಟ್. ವಿಶ್ವನಾಥ್ ಅಜೇಯ 97.

ಬೀದಿಗೆ ಬೀದಿಯೇ "ಅಯ್ಯೋ, ಮೂರು ರನ್" ಅಂತ ಕೈ ಹಿಸುಕಿಕೊಂಡಿತು. ನಾನು ಅತ್ತೆ. ಅಪ್ಪ ಬೀಡಿ ಹಚ್ಚಿಕೊಂಡು, "ಮೂರು ರನ್ ಹೋಗ್ಲಿ ಬಿಡೇ, 190 ಆಯ್ತಲ್ಲ" ಅಂದರು. ಆಗ ಆ ಮಾತು ಅರ್ಥ ಆಗಲಿಲ್ಲ. ವೆಸ್ಟ್ ಇಂಡೀಸ್ 192ಕ್ಕೆ ಔಟಾಯಿತು. ಕೊನೆಗೆ ಭಾರತ 100 ರನ್ನಿನಿಂದ ಗೆದ್ದಿತು. ಆ ಪಂದ್ಯ ಶುರುವಾದಾಗ ಸರಣಿಯಲ್ಲಿ ನಾವು 1-2 ಹಿಂದಿದ್ದೆವು, ಗೆದ್ದು 2-2 ಆಯಿತು. ಮುಂಬೈಯಲ್ಲಿ ಸೋತು ಸರಣಿ ಕೈತಪ್ಪಿತು ಅನ್ನುವುದು ಬೇರೆ. ವಿಶ್ವನಾಥ್ ಟೆಸ್ಟ್‌ನಲ್ಲಿ 14 ಶತಕ ಹೊಡೆದಿದ್ದಾರೆ. ಆದರೂ ಹಳಬರನ್ನು ಕೇಳಿ ನೋಡಿ, ಮೊದಲು ನೆನಪು ಮಾಡಿಕೊಳ್ಳುವುದು ಶತಕ ಅಲ್ಲದ ಆ 97ನ್ನು.

ಇನ್ನೂ ಐದು ವರ್ಷ ಮುಂದೆ ಬನ್ನಿ. 1980ರ ಫೆಬ್ರವರಿ, ಮುಂಬೈ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ಎದುರಾಳಿ ಇಂಗ್ಲೆಂಡ್. ನಾಯಕ ವಿಶ್ವನಾಥ್. ಇಂಗ್ಲೆಂಡಿನ 5 ವಿಕೆಟ್ 58 ರನ್ನಿಗೇ ಬಿದ್ದಿದ್ದವು. ಆಗ ಬಾಬ್ ಟೇಲರ್ ಕ್ಯಾಚ್ ಕೊಟ್ಟರು ಅಂತ ಅಂಪೈರ್ ಬೆರಳು ಎತ್ತಿದರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಗುಲಿಲ್ಲ ಅನ್ನಿಸಿತು. ಅಂಪೈರ್ ಹತ್ತಿರ ಹೋಗಿ ಮಾತಾಡಿ, ಹೊರಟಿದ್ದ ಟೇಲರ್ ಅವರನ್ನು ವಾಪಸ್ ಆಡಿಸಿದರು. ಆಮೇಲೆ ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಜೊತೆಯಾಟ ಆಡಿದರು. ಭಾರತ 10 ವಿಕೆಟ್‌ನಿಂದ ಸೋತಿತು.

ವಿಶ್ವನಾಥ್ ನಾಯಕರಾಗಿದ್ದದ್ದು ಎರಡೇ ಟೆಸ್ಟ್‌ಗಳಿಗೆ. ಒಂದು ಡ್ರಾ, ಒಂದು ಸೋಲು. ನಾಯಕನ ಗುರಿ ಗೆಲ್ಲುವುದು ತಾನೇ? ಆ ಲೆಕ್ಕದಲ್ಲಿ ಅವರಿಗೆ ಬರುವುದು ಸೊನ್ನೆ.

ಆ ಟೆಸ್ಟ್ ನಡೆದಾಗ ನಾನು ಕಾಲೇಜಿನಲ್ಲಿದ್ದೆ. ಕೆಲವರು ಬೈದರು, ಕೆಲವರು ಹೊಗಳಿದರು. ನಾನು ಹೊಗಳಿದವರ ಕಡೆ. ಆದರೆ ಅದರ ಪೂರ್ತಿ ಅರ್ಥ ನನಗೆ ತಟ್ಟಿದ್ದು ಬಹಳ ವರ್ಷಗಳ ಮೇಲೆ, ಹಳೆಯ ಹಾಜರಿ ಪುಸ್ತಕ ನೆನಪಾದಾಗ. ಅವರು ಹೊರಗೆ ಹೋಗುತ್ತಿದ್ದವರನ್ನು ಒಳಗೆ ಕರೆದರು. ನಾನು ಒಳಗಿದ್ದವನನ್ನು ಹೊರಗೆ ಕಳಿಸಿದೆ. ಇಬ್ಬರ ಕೈಯಲ್ಲೂ ನಿಯಮ ಇತ್ತು. ಅಂಪೈರ್ ಔಟ್ ಕೊಟ್ಟಾಗಿತ್ತು, ಅವರು ಸುಮ್ನೆ ಇದ್ದುಬಿಡಬಹುದಿತ್ತು.

ನೀರಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ತೋಟದವರು ಜಾಸ್ತಿ ಇದ್ದೀರಿ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನನ್ನ ತಂಗಿಯನ್ನು ಕೊಟ್ಟಿರುವುದು ಚಿಕ್ಕಬಳ್ಳಾಪುರದ ಕಡೆಗೆ. ಅಲ್ಲಿ, ಕೋಲಾರದಲ್ಲಿ, ಬೋರ್‌ವೆಲ್ ಸಾವಿರ ಅಡಿ ದಾಟುವುದು ಈಗ ದೊಡ್ಡ ಸುದ್ದಿಯೇ ಅಲ್ಲ. ಒಂದು ಸಲ ನಾನು ಹೋಗಿದ್ದಾಗಲೇ ಅವರ ಹೊಲದಲ್ಲಿ ಬೋರ್ ಕೊರೆಸುತ್ತಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರು ಬಂದು ಜಾಗ ತೋರಿಸಿ ಹೋಗಿದ್ದರು. ಲಾರಿ ಬಂತು. ರಾತ್ರಿಯಿಡೀ ಸದ್ದು. ಒಂದೊಂದು ಪೈಪ್ ಇಳಿದ ಹಾಗೂ ನನ್ನ ಭಾವನವರ ಮುಖ ಬಾಡುತ್ತಾ ಬಂತು, ಅಡಿಗೆ ಇಷ್ಟು ಅಂತ ದುಡ್ಡು ಅಲ್ವಾ. ಬೆಳಗಿನ ಜಾವ ನೀರು ಮೇಲಕ್ಕೆ ಚಿಮ್ಮಿತು. ಬೂದಿ ಬಣ್ಣದ ಕೆಸರು ನೀರು. ಮಕ್ಕಳೆಲ್ಲ ಅದರಲ್ಲೇ ನೆನೆದು ಕುಣಿದರು. ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು ಪೂಜೆ ಮಾಡಿದೆವು. ನನಗೂ ಕಣ್ಣು ತುಂಬಿ ಬಂತು.

ನಾಲ್ಕು ತಿಂಗಳಾದ ಮೇಲೆ ತಂಗಿ ಫೋನ್ ಮಾಡಿದಾಗ ಹೇಳಿದಳು. ಪಕ್ಕದ ಹೊಲದ ಬೋರ್ ಗಾಳಿ ಎಳೆಯೋಕೆ ಶುರುವಾಗಿದೆ. ಅದು ಅವರ ದಾಯಾದಿಗಳದ್ದೇ. ಎರಡು ಮನೆಯವರೂ ಈಗ ಮಾತು ಬಿಟ್ಟಿದ್ದಾರೆ. ಅವರೂ ಸಾಲ ಮಾಡಿ ಇನ್ನೂ ಆಳಕ್ಕೆ ಕೊರೆಸಿದರು. ಮುಂದಿನ ವರ್ಷ ನಮ್ಮವರದ್ದು ಕಡಿಮೆಯಾಯಿತು. ಭಾವ ಕೆಟ್ಟವರಲ್ಲ. ಟೊಮೇಟೊ ಬೆಳೆದು ಮಕ್ಕಳನ್ನು ಓದಿಸಬೇಕು ಅನ್ನುವುದಷ್ಟೇ ಅವರ ಆಸೆ. "ನನ್ನ ಹೊಲಕ್ಕೆ ನೀರು" ಅನ್ನುವ ಗುರಿಯನ್ನು ಅವರು ಮುಟ್ಟಿದರು. ಆದರೆ ನೆಲದ ಒಳಗೆ ಬದು ಇಲ್ಲ, ಬೇಲಿ ಇಲ್ಲ.

ಈಗ ಇದೇ ಗುರಿ ಇಟ್ಟುಕೊಂಡ ಇನ್ನೊಬ್ಬರನ್ನು ನೋಡಿ. ಅಮೈ ಮಹಾಲಿಂಗ ನಾಯ್ಕ. ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರದವರು. ಬೇರೆಯವರ ತೋಟದಲ್ಲಿ ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸ. ತೋಟದ ಮಾಲೀಕರು ಎಪ್ಪತ್ತರ ದಶಕದ ಕೊನೆಯಲ್ಲಿ ಅವರಿಗೆ ಸುಮಾರು 2 ಎಕರೆ ಜಾಗ ಕೊಟ್ಟರು. ಜಾಗ ಅಂದರೆ ಬೋಳು ಗುಡ್ಡದ ಇಳಿಜಾರು. ಹುಲ್ಲು ಬಿಟ್ಟರೆ ಏನೂ ಇಲ್ಲ. ನೀರಿಲ್ಲ. ಬಾವಿ ತೋಡಿಸೋಕೆ, ಬೋರ್ ಕೊರೆಸೋಕೆ ದುಡ್ಡಿಲ್ಲ. ತೋಡಿಸಿದರೂ ನೀರೆತ್ತೋಕೆ ಕರೆಂಟಿಲ್ಲ.

ಆ ಸೀಮೆಯಲ್ಲಿ, ಕಾಸರಗೋಡಿನ ಕಡೆಗೂ, ಸುರಂಗ ಅಂತ ಒಂದು ಪದ್ಧತಿ ಇದೆ. ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಕೊರೆಯುತ್ತಾ ಹೋಗುವುದು. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟು ಜಾಗ ಸಾಕು. ಒಳಗೆ ಹೋಗುತ್ತಾ ನೆಲ ಸ್ವಲ್ಪ ಏರಾಗಿರಬೇಕು. ಮುರಕಲ್ಲಿನ ಪದರದಲ್ಲಿ ಒಸರು ಸಿಕ್ಕಿತು ಅಂದರೆ ನೀರು ತಾನಾಗೇ ಹರಿದು ಹೊರಗೆ ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಹೊರಗೆ ಒಂದು ತೊಟ್ಟಿ ಕಟ್ಟಿಕೊಂಡರಾಯಿತು.

ಮಹಾಲಿಂಗ ನಾಯ್ಕರು ಹಗಲು ಕೂಲಿ ಮುಗಿಸಿ ಬಂದು, ಸಂಜೆ ಮೇಲೆ ದೀಪ ಇಟ್ಟುಕೊಂಡು ಒಬ್ಬರೇ ಅಗೆದರು. ಅಗೆಯುವುದೂ ಅವರೇ, ಮಣ್ಣು ಹೊತ್ತು ಹೊರಗೆ ಹಾಕುವುದೂ ಅವರೇ. ಮೊದಲನೆಯ ಸುರಂಗದಲ್ಲಿ ನೀರು ಬರಲಿಲ್ಲ. ಎರಡನೆಯದರಲ್ಲಿ ಬರಲಿಲ್ಲ. ಮೂರು, ನಾಲ್ಕು, ಐದು. ಐದೂ ಒಣಗಿದ ಬಿಲಗಳು. ವರ್ಷಗಳು ಉರುಳಿದವು. ಊರವರು ಇವನಿಗೆ ತಲೆ ಕೆಟ್ಟಿದೆ ಅಂದರು. ಅವರು ಜಾಗ ನೋಡಿ ಮತ್ತೆ ಅಗೆಯೋಕೆ ಶುರು ಮಾಡಿದರು. ಆರನೆಯದರಲ್ಲಿ ಒದ್ದೆ ಮಣ್ಣು ಸಿಕ್ಕಿತು. ಆಮೇಲೆ ನೀರು. ಆ ಬೋಳು ಗುಡ್ಡದಲ್ಲಿ ಇವತ್ತು ಅಡಿಕೆ, ತೆಂಗು, ಬಾಳೆ, ಮೆಣಸು ಇವೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈ ಕಥೆಯನ್ನು ಎಲ್ಲರೂ ಛಲದ ಕಥೆಯಾಗಿ ಹೇಳುತ್ತಾರೆ. ಛಲ ಹೌದು. ಇಪ್ಪತ್ತು ಮೀಟರ್ ಕತ್ತಲಲ್ಲಿ ಕೂತು ಕಲ್ಲು ಕುಟ್ಟುವುದು ಸಾಮಾನ್ಯ ಅಲ್ಲ. ಆದರೆ ನನಗೆ ಅದರಲ್ಲಿ ಬೇರೆ ಎರಡು ವಿಷಯ ಕಾಣುತ್ತವೆ.

ಒಂದು, ಐದನೇ ಸುರಂಗ ಮುಗಿದ ದಿನ ಯಾರಾದರೂ ಅವರನ್ನು ಅವರ ಗುರಿಯಿಂದ ಅಳೆದಿದ್ದರೆ? ಸೊನ್ನೆ. ಪೂರ್ತಿ ಸೊನ್ನೆ. ಆದರೆ ಆ ದಿನ ಇದ್ದ ಮನುಷ್ಯನೂ ಆರನೆಯದರಲ್ಲಿ ನೀರು ಬಂದಾಗ ಇದ್ದ ಮನುಷ್ಯನೂ ಒಬ್ಬನೇ ಅಲ್ವಾ? ನಡುವೆ ಅವರೇನು ಬೇರೆ ಆಗಿಬಿಟ್ಟರೇ? ಈ ಸಲ ಪಾಸಾಗದೆ ಇಲ್ಲಿ ಬಂದು ಕೂತಿರುವ ಮಕ್ಕಳು ಇದ್ದೀರಿ. ನಿಮ್ಮನ್ನು ಕರೆತಂದ ಅಮ್ಮಂದಿರ ಮುಖ ನನಗೆ ಇಲ್ಲಿಂದ ಕಾಣುತ್ತಿದೆ. ಅವರಿಗೂ ಸೇರಿಸಿ ಇದನ್ನು ಹೇಳುತ್ತಿದ್ದೇನೆ.

ಎರಡು, ಆ ಸುರಂಗ ಪಕ್ಕದವರ ನೀರಿಗೆ ಕೈ ಹಾಕಲಿಲ್ಲ. ಗುಡ್ಡ ಮಳೆಗಾಲದಲ್ಲಿ ಕುಡಿದು, ನಿಧಾನಕ್ಕೆ ಬಿಟ್ಟುಕೊಟ್ಟಷ್ಟನ್ನೇ ಅದು ತಗೊಂಡಿತು. ನನ್ನ ಭಾವನೂ ಮಹಾಲಿಂಗ ನಾಯ್ಕರೂ ಇಬ್ಬರೂ ಗುರಿ ಮುಟ್ಟಿದವರೇ. ಗುರಿಯ ಅಳತೆಯಲ್ಲಿ ಇಬ್ಬರಿಗೂ ನೂರಕ್ಕೆ ನೂರು. ಬೋರ್ ಕೊರೆಸಿದವರೆಲ್ಲ ತಪ್ಪಿತಸ್ಥರು ಅಂತ ನಾನು ಹೇಳುತ್ತಿಲ್ಲ, ಅಲ್ಲಿನ ರೈತರಿಗೆ ಬೇರೆ ದಾರಿಯೇ ಉಳಿದಿಲ್ಲ. ಆದರೆ ಈ ಇಬ್ಬರ ನಡುವಿನ ವ್ಯತ್ಯಾಸವನ್ನು ನೋಡಲಾಗದ ಅಳತೆಗೋಲನ್ನು ಅತ್ಯುತ್ತಮ ಅಂತ ನಾನು ಹೇಗೆ ಒಪ್ಪಲಿ?

ಈ ಕಾರ್ಯಕ್ರಮಕ್ಕೆ ಮೊದಲು ಹೊರಗೆ ಕಾಫಿ ಕುಡಿಯುವಾಗ ಒಬ್ಬಳು ಹುಡುಗಿ ಜೊತೆ ಈ ವಿಷಯ ಮಾತಾಡುತ್ತಿದ್ದೆ. ಪಿಯುಸಿ ಮುಗಿಸಿದ್ದಾಳೆ. ಅವಳು ಥಟ್ ಅಂತ ಕೇಳಿದಳು: "ಮೇಡಂ, ನಮ್ಮ ಮನೆಯಲ್ಲಿ ನನಗೊಂದು ಸ್ವಂತ ಗುರಿ ಇದೆ ಅಂತ ಒಪ್ಪಿಸೋಕೇ ಎರಡು ವರ್ಷ ಬೇಕಾಯ್ತು. ನೀವು ಈಗ ಅದೇ ಸರಿ ಇಲ್ಲ ಅಂದ್ರೆ ಹೇಗೆ?"

ಅವಳ ಪ್ರಶ್ನೆ ಸರಿಯಾಗಿದೆ. ಅದಕ್ಕೆ ಉತ್ತರ ಕೊಡದೆ ನಾನು ಮುಂದೆ ಹೋಗುವ ಹಾಗಿಲ್ಲ.

ನನ್ನ ಅಮ್ಮನಿಗೆ ಹದಿನಾರಕ್ಕೆ ಮದುವೆ. "ನಿನಗೇನು ಬೇಕು" ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ಊಟಕ್ಕೆ ಕೂತಾಗ ಇನ್ನೊಂದು ತುತ್ತು ಬೇಕಾ ಅಂತಲೂ ಅವಳನ್ನು ಕೇಳಿದವರಿಲ್ಲ, ಅವಳೇ ಕೊನೆಗೆ ಕೂರುತ್ತಿದ್ದಳಲ್ಲ. ನಾನು ಪಿಯುಸಿ ಮುಗಿಸಿದಾಗ ಮನೆಯಲ್ಲಿ ಗಂಡು ಹುಡುಕೋಕೆ ಶುರು ಮಾಡಿದರು. ನಾನು ಬಿಎಸ್ಸಿ ಮಾಡುತ್ತೇನೆ ಅಂದೆ. ಮೂರು ದಿನ ಊಟ ಬಿಟ್ಟೆ. ಅಮ್ಮ ಅಪ್ಪನ ಎದುರು ನಿಂತು ಮೊದಲ ಸಲ ಜೋರಾಗಿ ಮಾತಾಡಿದ್ದು ಆವತ್ತು. "ಅವಳಿಗಾದ್ರೂ ಅವಳಿಗೆ ಬೇಕಾದ್ದು ಆಗ್ಲಿ" ಅಂದಳು. ಗುರಿ ಅಂತ ಒಂದು ಇಲ್ಲದಿದ್ದರೆ ನಾನು ಇವತ್ತು ಈ ಮೈಕಿನ ಮುಂದೆ ಇರುತ್ತಿರಲಿಲ್ಲ. ಹಾಗಾಗಿ ಹೆಣ್ಣುಮಕ್ಕಳಿಗೆ, ಬಡವರ ಮನೆ ಮಕ್ಕಳಿಗೆ, "ನನ್ನ ಗುರಿ" ಅನ್ನುವ ಎರಡು ಪದ ಸುಲಭಕ್ಕೆ ಸಿಕ್ಕಿದ್ದಲ್ಲ. ಯಾರೋ ಜಗಳ ಆಡಿ ಕೊಡಿಸಿದ್ದು. ಅದನ್ನು ಬಿಡಬೇಡಿ. ಮಗಳೇ, ನೀನು ಎಲ್ಲಿ ಕೂತಿದ್ದೀಯೋ, ನಿನಗೆ ಹೇಳುತ್ತಿದ್ದೇನೆ. ಬಿಡಬೇಡ.

ನಾನು ಕೇಳುತ್ತಿರುವುದು ಬೇರೆ. ಗುರಿ ನಿನ್ನನ್ನು ನಡೆಸಲಿ. ಆದರೆ ನಡೆದು ಮುಗಿಸಿದ ಮೇಲೆ, ನಡೆದದ್ದು ಹೇಗಿತ್ತು ಅಂತ ಹೇಳುವ ಕೆಲಸವನ್ನು ಅದೊಂದಕ್ಕೇ ಕೊಡಬೇಡ. ನನ್ನ ಓದಿನ ಲೆಕ್ಕದಲ್ಲಿ ಅಮ್ಮನ ಆ ಒಂದು ಜಗಳ ಬರಬೇಕು. ಬಿಎಸ್ಸಿ ಸರ್ಟಿಫಿಕೇಟಿನಲ್ಲಿ ಅದು ಇಲ್ಲ.

ಹರೇಕಳ ಹಾಜಬ್ಬ ಅವರ ವಿಷಯ ನಿಮಗೆಲ್ಲ ಗೊತ್ತು, ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದವರು. ವಿದೇಶದಿಂದ ಬಂದ ಗಂಡ ಹೆಂಡತಿ ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು, ಇವರಿಗೆ ಉತ್ತರ ಕೊಡೋಕೆ ಆಗಲಿಲ್ಲ. ಅವರು ಹೋಗಿಬಿಟ್ಟರು. ಶಾಲೆ ಮೆಟ್ಟಿಲು ಹತ್ತದವರಿಗೆ ಆ ನೋವು ಒಳಗೆ ಉಳಿಯಿತು. ಇಷ್ಟರವರೆಗೆ ಇದು ಒಬ್ಬರ ಸ್ವಂತ ಅವಮಾನದ ಕಥೆ. ನಾನಾಗಿದ್ದರೆ ಏನು ಗುರಿ ಇಟ್ಟುಕೊಳ್ಳುತ್ತಿದ್ದೆ? ಇಂಗ್ಲಿಷ್ ಕಲಿಯಬೇಕು, ಮುಂದಿನ ಸಲ ಉತ್ತರ ಕೊಡಬೇಕು ಅಂತ. ಅವರು ಇಟ್ಟುಕೊಂಡದ್ದು ಅದಲ್ಲ. ನಮ್ಮ ನ್ಯೂಪಡ್ಪುವಿನ ಮಕ್ಕಳಿಗೆ ಹೀಗಾಗಬಾರದು ಅಂದುಕೊಂಡರು. ಊರಿನ ಮಸೀದಿಯ ಮದರಸದಲ್ಲಿ 28 ಮಕ್ಕಳೊಂದಿಗೆ ತರಗತಿ ಶುರುವಾಯಿತು. ಹಣ್ಣು ಮಾರಿದ ದುಡ್ಡು ಉಳಿಸಿ, ಕಚೇರಿಯಿಂದ ಕಚೇರಿಗೆ ಅಲೆದು, ಕಂಡಕಂಡವರ ಹತ್ತಿರ ಕೇಳಿ, ಕೊನೆಗೆ ಶಾಲೆಯ ಕಟ್ಟಡ ಎದ್ದಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಂಡರು. ಆ ಅವಮಾನ ಅವರದ್ದೊಬ್ಬರದ್ದೇ ಆಗಿತ್ತು. ಅದರಿಂದ ಹುಟ್ಟಿದ ಗುರಿಯೊಳಗೆ ಊರಿನ ಮಕ್ಕಳೆಲ್ಲ ಇದ್ದರು.

ಈಗ ನನ್ನ 43ನೇ ಹುಡುಗನ ಹತ್ತಿರ ವಾಪಸ್ ಬರುತ್ತೇನೆ.

ಅವನು ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟುತ್ತಾನೆ ಅಂದುಕೊಂಡಿದ್ದೆ. ಕಟ್ಟಲಿಲ್ಲ. ಶಾಲೆ ಕಡೆ ಬರಲೇ ಇಲ್ಲ. ಒಂದೆರಡು ಸಲ ಸಂತೆಯಲ್ಲಿ ದೂರದಿಂದ ಕಂಡಿದ್ದ. ನಾನು ಮಾತಾಡಿಸೋಕೆ ಹೋಗಲಿಲ್ಲ, ಅವನೂ ಬರಲಿಲ್ಲ. ವರ್ಷಗಳು ಹೋದವು. ಆಮೇಲೂ ಎರಡು ಸಲ ನಮ್ಮ ಶಾಲೆಗೆ ನೂರಕ್ಕೆ ನೂರು ಬಂತು. ಆಗ ಯಾರನ್ನೂ ಬಿಟ್ಟಿರಲಿಲ್ಲ. ಆದರೆ ಅದು ಮೊದಲನೆಯದನ್ನು ಸರಿಮಾಡುವುದಿಲ್ಲ.

ನಾನು ನಿವೃತ್ತಿಯಾಗುವುದಕ್ಕೆ ಎರಡು ವರ್ಷ ಇತ್ತು. ಪೋಷಕರ ಸಭೆ. ಎಲ್ಲರೂ ಒಳಗೆ ಬೆಂಚಿನ ಮೇಲೆ ಕೂತಿದ್ದರು. ಒಬ್ಬರು ಮಾತ್ರ ಬಾಗಿಲ ಹೊರಗೆ, ಚಪ್ಪಲಿ ಬಿಟ್ಟು, ಚೌಕಟ್ಟು ಹಿಡಿದು ನಿಂತಿದ್ದರು. ಒಳಗೆ ಬನ್ನಿ ಅಂದೆ. "ಇರ್ಲಿ ಮೇಡಂ, ಇಲ್ಲೇ ನಿಲ್ತೀನಿ" ಅಂದರು. ದನಿ ಕೇಳಿ ತಲೆ ಎತ್ತಿ ನೋಡಿದೆ. ತಲೆ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಚೌಕಟ್ಟಿನ ಮೇಲಿದ್ದ ಬೆರಳು ನೋಡಿದ ಮೇಲೆ ಗೊತ್ತಾಯಿತು. ಅದೇ ಕಪ್ಪು.

ಅವನ ಮಗಳು ನನ್ನ ಒಂಬತ್ತನೇ ಕ್ಲಾಸಿನಲ್ಲಿದ್ದಳು. ನನಗೆ ಗೊತ್ತೇ ಇರಲಿಲ್ಲ. ಚೆನ್ನಾಗಿ ಓದುವ ಹುಡುಗಿ. ಉಳಿದ ಅಪ್ಪ-ಅಮ್ಮಂದಿರೆಲ್ಲ ಮಾರ್ಕ್ಸ್ ಎಷ್ಟು, ಎಷ್ಟನೆಯವಳು ಅಂತ ಕೇಳಿ ಹೋದರು. ಎಲ್ಲರೂ ಹೋದ ಮೇಲೆ ಅವನು ಹೊಸ್ತಿಲವರೆಗೆ ಬಂದ. ಮಾರ್ಕ್ಸ್ ಕೇಳಲಿಲ್ಲ.

"ನನ್ನ ಮಗಳ ಹಾಜರಿ ಸರಿ ಇದೆಯಾ ಮೇಡಂ?" ಅಂತ ಕೇಳಿದ.

ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚು ಇರಲಿಲ್ಲ. ಬಸ್ಸಿನ ಟೈಮ್ ಕೇಳುವ ಹಾಗೆ ಕೇಳಿದ. "ಸುಗ್ಗಿ ಟೈಮಲ್ಲಿ ಒಂದು ದಿನಾನೂ ಅವಳನ್ನ ಕೆಲಸಕ್ಕೆ ಕರ್ಕೊಂಡು ಹೋಗಿಲ್ಲ ನಾನು. ಆದ್ರೂ ಒಂದ್ಸಲ ನೋಡ್ಬಿಡಿ" ಅಂದ.

ತಪ್ಪಾಯ್ತಪ್ಪಾ ಅಂತ ನಾನು ಹೇಳಿದೆ. ಆವತ್ತು ವಿನಾಯಿತಿ ಕೇಳಿ ಬರೆಯಬಹುದಿತ್ತು, ಬರೆಯಲಿಲ್ಲ ಅಂತ ಬಾಯಿಬಿಟ್ಟು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನನಗೆ ಗೊತ್ತಿತ್ತು ಮೇಡಂ" ಅಂದ. ಅಷ್ಟೇ. ಪರವಾಗಿಲ್ಲ ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಬೀರುವಿನಿಂದ ಹಾಜರಿ ಪುಸ್ತಕ ತಂದು ಅವನ ಮುಂದೆ ಹಿಡಿದೆ. ಮಗಳ ಹೆಸರು ಹುಡುಕಿಕೊಂಡ. ಜೂನ್‌ನಿಂದ ಶುರು ಮಾಡಿ, ಆ ಕಪ್ಪು ಬೆರಳನ್ನು ಒಂದೊಂದೇ ಚೌಕದ ಮೇಲೆ ಇಟ್ಟು, ತುಟಿಯಲ್ಲೇ ಎಣಿಸುತ್ತಾ ಹೋದ. ಹಾಳೆ ತಿರುವಿದ. ನವೆಂಬರ್ ಬಂದಾಗ ಬೆರಳು ಇನ್ನೂ ನಿಧಾನವಾಯಿತು. ಪೂರ್ತಿ ಎಣಿಸಿ ಮುಗಿಸುವವರೆಗೂ ನಾನು ಪುಸ್ತಕ ಹಿಡಿದುಕೊಂಡು ಹೊಸ್ತಿಲಿನ ಈ ಕಡೆ ನಿಂತಿದ್ದೆ.